ಸೆಕೆಂಡ್ಸ್ ಪಿಕಪ್ ಸಾಕುವುದು ಹೇಗೆ: ನೋಡಲು ಹೋದ ದಿನದಿಂದ ಬಾಡಿ ಕಟ್ಟಿಸುವವರೆಗೆ

ಸೆಕೆಂಡ್ಸ್, ಅಂದರೆ ಸೆಕೆಂಡ್ ಹ್ಯಾಂಡ್ ಪಿಕಪ್ ನೋಡಲು ಹೋದವರೆಲ್ಲ ಮೊದಲು ಬಾಗಿಲು ತೆಗೆದು ಮೀಟರ್ ನೋಡುತ್ತಾರೆ. 1,20,000 ಕಿಲೋಮೀಟರ್ ಅಂದರೆ ಮುಖ ಅರಳುತ್ತದೆ, 2,40,000 ಅಂದರೆ ಹುಬ್ಬು ಗಂಟಾಗುತ್ತದೆ. ಆದರೆ ಮೀಟರ್ ತಿರುಗಿಸುವುದು ಒಂದು ಮಧ್ಯಾಹ್ನದ ಕೆಲಸ. ಅಷ್ಟು ವರ್ಷ ಗಾಡಿ ಏನು ಹೊತ್ತು ಓಡಾಡಿತು ಅನ್ನುವುದನ್ನು ಮಾತ್ರ ಯಾರೂ ತಿರುಗಿಸಲಾರರು. ಅದು ಚಾಸಿಯ (ಗಾಡಿಯ ಕಬ್ಬಿಣದ ಚೌಕಟ್ಟು) ಒಳಮೈಯಲ್ಲಿ, ಪ್ಲೇಟುಗಳ (ಲೀಫ್ ಸ್ಪ್ರಿಂಗ್) ಬಾಗಿನಲ್ಲಿ, ಲೋಡ್ ತುಂಬುವ ಬಾಡಿಯ ಮೂಲೆಮೂಲೆಯಲ್ಲಿ ಉಳಿದೇ ಇರುತ್ತದೆ. ಹೊತ್ತ ಲೋಡೇ ಗಾಡಿಯ ಜಾತಕ.

ನಾನು ಚಿಂತಾಮಣಿ ಕಡೆಯವನು. ವರ್ಷವಿಡೀ ಟೊಮೆಟೊ ಹೊತ್ತು ಕೋಲಾರದ ಎಪಿಎಂಸಿಗೆ, ಸೀಸನ್ ಬಂದರೆ ಮಾವು ಹೊತ್ತು ಶ್ರೀನಿವಾಸಪುರದ ಮಂಡಿಗೆ, ಒಮ್ಮೊಮ್ಮೆ ಘಾಟಿ ಇಳಿದು ಚಿತ್ತೂರಿನ ಪಲ್ಪ್ ಫ್ಯಾಕ್ಟರಿಗಳಿಗೆ. ಇದುವರೆಗೆ ಮೂರು ಪಿಕಪ್ ಸಾಕಿದ್ದೇನೆ, ಮೂರೂ ಸೆಕೆಂಡ್ಸ್. ಈಗಿರುವುದು 2,523 ಸಿಸಿಯ ನಾಲ್ಕು ಸಿಲಿಂಡರ್ ಮಹೀಂದ್ರ ಬೊಲೆರೊ ಪಿಕಪ್. ಮೂರು ಸಿಲಿಂಡರಿನ ಅಶೋಕ್ ಲೇಲ್ಯಾಂಡ್ ದೋಸ್ತ್ ಇದ್ದರೂ, 2005ರಲ್ಲಿ ಬಂದ ಎರಡು ಸಿಲಿಂಡರಿನ ಟಾಟಾ ಏಸ್ ಇದ್ದರೂ ಕೆಳಗಿನ ಮಾತುಗಳಲ್ಲಿ ಹೆಚ್ಚಿನವು ಹೊಂದುತ್ತವೆ. ಏಸ್‌ಗೆ ಟರ್ಬೊ ಇಲ್ಲ ಎಂಬಂಥ ವ್ಯತ್ಯಾಸಗಳನ್ನು ನೀವೇ ತೂಗಿಕೊಳ್ಳಿ.

ಜಾತಕ ಓದುವುದು

ಮೊದಲು ನನ್ನ ಪೆದ್ದುತನ ಹೇಳಿಬಿಡುತ್ತೇನೆ. ಎರಡನೇ ಗಾಡಿ ಕೊಳ್ಳುವಾಗ ಮಾರುವವನು "ಬರೀ ತರಕಾರಿ ಹೊಡೆದಿರೋದು ಅಣ್ಣ" ಅಂದ. ಚಾಸಿಗೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರು, ಮಿರಮಿರ ಮಿಂಚುತ್ತಿತ್ತು. ನೋಡಿ ಖುಷಿಪಟ್ಟೆ. ಜೂನ್‌ನಲ್ಲಿ ಮೊದಲ ಮಳೆ ಬಿದ್ದ ದಿನ ಬಾಡಿಯಿಂದ ಮೀನಿನ ವಾಸನೆ ಎದ್ದಿತು. ಗಾಡಿ ಕರಾವಳಿಯಲ್ಲಿ ಮೀನು ಹೊತ್ತಿತ್ತು. ಐಸ್ ಕರಗಿದ ಉಪ್ಪುನೀರು ವರ್ಷಗಟ್ಟಲೆ ಸೋರಿ ಹಿಂದಿನ ಶ್ಯಾಕಲ್ ಬ್ರ್ಯಾಕೆಟ್ (ಪ್ಲೇಟಿನ ತುದಿ ಚಾಸಿಗೆ ಕೂಡುವ ಕೊಂಡಿ) ಇರುವ ಜಾಗದಲ್ಲಿ ಚಾಸಿಯನ್ನು ತಿಂದುಹಾಕಿತ್ತು. ಮೇಸ್ತ್ರಿ ಸ್ಕ್ರೂಡ್ರೈವರ್ ಇಟ್ಟು ಒತ್ತಿದರು, ಹಪ್ಪಳದಲ್ಲಿ ಇಳಿದ ಹಾಗೆ ಇಳಿಯಿತು. ಹಳೇ ಗಾಡಿಯ ಚಾಸಿಗೆ ಹೊಸ ಬಣ್ಣ ಕಂಡರೆ ಈಗ ನನಗೆ ಖುಷಿಯಾಗುವುದಿಲ್ಲ, ಅನುಮಾನ ಬರುತ್ತದೆ.

ಮೀನು, ಕೋಳಿ ಗೊಬ್ಬರ, ಯೂರಿಯಾ ಈ ಮೂರೂ ಕಬ್ಬಿಣವನ್ನು ತಿನ್ನುವ ಲೋಡುಗಳು. ಕೊಳೆತ ಟೊಮೆಟೊ ರಸವೂ ಏನು ಕಡಿಮೆಯಲ್ಲ, ಅದರಲ್ಲಿ ಹುಳಿ ಇದೆ. ಮೊದಲು ಹೋಗುವುದು ಬಾಡಿಯ ಫ್ಲೋರ್ ಶೀಟ್. ಎಂ-ಸ್ಯಾಂಡ್, ಜಲ್ಲಿ, ಇಟ್ಟಿಗೆ ಹೊಡೆದ ಗಾಡಿಯ ಕಥೆ ಬೇರೆ. ಕಿಲೋಮೀಟರ್ ಕಡಿಮೆ ಇರುತ್ತದೆ, ಬಣ್ಣವೂ ಚೆನ್ನಾಗಿರುತ್ತದೆ, ಆದರೆ ಪ್ಲೇಟು ಚಪ್ಪಟೆಯಾಗಿ, ಕ್ರೌನ್ (ಹಿಂದಿನ ಆಕ್ಸೆಲ್ಲಿನ ಗೇರ್) ಹಲ್ಲು ಸವೆದು, ಚಾಸಿ ನಡುವಿನಲ್ಲಿ ಬಾಗಿರುತ್ತದೆ. ನೀರಿನ ಕ್ಯಾನ್ ಹೊಡೆದ ಗಾಡಿ ಊರೊಳಗೇ ಸುತ್ತಿದೆ, ದಿನಕ್ಕೆ ಐವತ್ತು ಸಲ ನಿಂತು ಹೊರಟಿದೆ. ಕ್ಲಚ್, ಸ್ಟಾರ್ಟರ್, ಬ್ರೇಕು ಮುಗಿದಿರುತ್ತವೆ. ಬ್ರೆಡ್ಡು, ಪಾರ್ಸೆಲ್, ಶಾಮಿಯಾನ ಹೊತ್ತ ಗಾಡಿ ಸಿಕ್ಕಿದರೆ ಮೀಟರಿನಲ್ಲಿ ಐವತ್ತು ಸಾವಿರ ಹೆಚ್ಚಿದ್ದರೂ ನಾನು ಅದನ್ನೇ ಹಿಡಿಯುತ್ತೇನೆ.

ಬೆಳಿಗ್ಗೆ ಬೇಗ ಹೋಗಿ. "ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಅಂತ ಹಿಂದಿನ ರಾತ್ರಿಯೇ ಹೇಳಿರಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಯಾರೋ ಅದನ್ನು ಮೊದಲೇ ಎಬ್ಬಿಸಿದ್ದಾರೆ ಎಂದು ಅರ್ಥ. ಏಕೆ ಎಬ್ಬಿಸಿದರು ಎಂದು ಕೇಳುವ ಹಕ್ಕು ನಿಮಗಿದೆ. ತಣ್ಣಗಿದ್ದರೆ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ಕೂಲೆಂಟ್ ಮೇಲೆ ಎಣ್ಣೆಯ ಪದರ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟಿನ ಕಡೆ ಕಣ್ಣಿಡಿ. ಬರೀ ನಲ್ಲಿ ನೀರು, ಅದೂ ತುಕ್ಕಿನ ಬಣ್ಣದ್ದಾದರೆ ಹಿಂದಿನ ಮಾಲೀಕ ಎಂಥವನು ಎಂಬುದು ತಿಳಿದ ಹಾಗಾಯಿತು.

ಸ್ಟಾರ್ಟ್ ಆದ ಮೇಲೆ ಆಯಿಲ್ ಫಿಲ್ಲರ್ ಮುಚ್ಚಳ ತೆಗೆದು ಬಾಯಿಯ ಮೇಲೆ ತಲೆಕೆಳಗಾಗಿ ಇಡಿ. ಅಲ್ಪಸ್ವಲ್ಪ ಅಲುಗಾಡಿದರೆ ಪರವಾಗಿಲ್ಲ. ಹಾರಿ ಬಿದ್ದರೆ, ಒಳಗಿನಿಂದ ಬುಸಬುಸ ಹೊಗೆ ಬಂದರೆ, ಅದೇ ನಮ್ಮ ಗ್ಯಾರೇಜಿನವರು ಹೇಳುವ ಬ್ಯಾಕ್ ಕಂಪ್ರೆಶನ್. ಪಿಸ್ಟನ್ ರಿಂಗ್ ಸವೆದಿದೆ, ಎಂಜಿನ್ ಬಿಚ್ಚುವ ದಿನ ದೂರವಿಲ್ಲ. ಸೈಲೆನ್ಸರ್ ಹೊಗೆ ನೀಲಿಯಾಗಿದ್ದರೆ ಆಯಿಲ್ ಸುಡುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಇಂಜೆಕ್ಟರನ್ನೋ ಕೂಲೆಂಟನ್ನೋ ಅನುಮಾನಿಸಿ. ಕಪ್ಪು ಹೊಗೆಗೆ ಬೆದರಬೇಡಿ. ಎಷ್ಟೋ ಸಲ ಏರ್ ಫಿಲ್ಟರ್ ಕಟ್ಟಿರುತ್ತದೆ ಅಥವಾ ಟರ್ಬೊ ಹೋಸ್ ಬಿರಿದಿರುತ್ತದೆ, ಬೆಲೆ ಇಳಿಸಲು ಅದೇ ನೆಪ.

ಆಮೇಲೆ ಗಾಡಿ ಕೆಳಗೆ ಮಲಗಿ. ಅಂಗಿ ಕೊಳೆಯಾಗುತ್ತದೆ ಎಂದು ನಾಚಿದವರು ದುಡ್ಡು ಕಳೆದುಕೊಂಡಿದ್ದಾರೆ. ಸಣ್ಣ ಸುತ್ತಿಗೆಯಿಂದ ಚಾಸಿ ಉದ್ದಕ್ಕೂ ತಟ್ಟುತ್ತ ಹೋಗಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ತುಕ್ಕು ಹಿಡಿದದ್ದು ಡಬ್ ಅನ್ನುತ್ತದೆ. ಪ್ಲೇಟ್ ಹ್ಯಾಂಗರ್, ಶ್ಯಾಕಲ್, ಕ್ಯಾಬಿನ್ ಹಿಂದಿನ ಕ್ರಾಸ್ ಮೆಂಬರ್ ಹತ್ತಿರ ವೆಲ್ಡಿಂಗ್ ಗುರುತು ಇದೆಯೇ ನೋಡಿ. ಕಂಪನಿಯ ವೆಲ್ಡ್ ಒಂದೇ ಸಮ ಇರುತ್ತದೆ, ರಸ್ತೆ ಬದಿಯದು ಹಕ್ಕಿ ಹಿಕ್ಕೆಯ ಹಾಗಿರುತ್ತದೆ. ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಹಿಡಿದು ತಿರುಗಿಸಿ: ಕಟಕಟ ಅಂದರೆ ಯುಜೆ ಕ್ರಾಸ್ (ಶಾಫ್ಟಿನ ಕೀಲು) ಹೋಗಿದೆ. ಕ್ರೌನ್ ಹೌಸಿಂಗ್ ಒದ್ದೆಯಾಗಿದ್ದರೆ ಸೀಲ್ ಸೋರುತ್ತಿದೆ. ಸೀಲ್ ಅಗ್ಗ, ಆದರೆ ಎಣ್ಣೆಯಿಲ್ಲದೆ ಎಷ್ಟು ತಿಂಗಳು ಓಡಿತೋ ಅದರ ಬೆಲೆ ದುಬಾರಿ.

ಓಡಿಸಿ ನೋಡುವಾಗ ಮೂರು ಪರೀಕ್ಷೆ ಸಾಕು. ಎರಡನೇ ಗೇರಿನಲ್ಲಿ ಎಳೆದು ಆಕ್ಸಿಲರೇಟರ್ ಪೂರ್ತಿ ಬಿಡಿ: ಗೇರ್ ಹೊರಗೆ ಎಗರಬಾರದು. ಏರಿನಲ್ಲಿ ಮೂರನೇ ಗೇರಿನಲ್ಲಿ ಒತ್ತಿ: ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಖಾಲಿ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿ: ಸ್ಟೀರಿಂಗ್ ಪಕ್ಕಕ್ಕೆ ಎಳೆಯಬಾರದು. ಕೊನೆಗೆ ಟೈರ್. ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದ ಮಾಲು. ಮೇಲಿನ ಗುಂಡಿ (ಟ್ರೆಡ್) ಚೆನ್ನಾಗಿದ್ದರೂ ಆರೇಳು ವರ್ಷದ ಟೈರಿನ ಮೇಲೆ ನಾನು ಲೋಡ್ ಹಾಕುವುದಿಲ್ಲ.

ಬಿಎಸ್-6 (ಹೊಗೆ ಮಿತಿಯ ಹೊಸ ನಿಯಮ) ಗಾಡಿ, ಅಂದರೆ 2020ರ ಏಪ್ರಿಲ್ ನಂತರದ್ದಾದರೆ ಇನ್ನೊಂದು ಪ್ರಶ್ನೆ ಕೇಳಿ: ಊರೊಳಗೇ ಓಡಿತೇ, ಹೈವೇ ಕಂಡಿತೇ? ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಗಾಡಿ ಆಗಾಗ ಒಂದಷ್ಟು ಹೊತ್ತು ಬಿಸಿಯಾಗಿ ಓಡಿ ಒಳಗಿನ ಮಸಿ ಸುಟ್ಟುಕೊಳ್ಳಬೇಕು. ಎರಡೆರಡು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ. ಅದನ್ನು ಕಿತ್ತೆಸೆದು ಬರೀ ಪೈಪ್ ಹಾಕಿದ್ದರೆ ಆ ಗಾಡಿ ಬಿಟ್ಟುಬಿಡಿ. ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ದಿನ ಹೊಗೆಯ ಲೆಕ್ಕ ಕೊಡಬೇಕಾದವರು ನೀವು.

ಕಾಗದ

ಇದು ಬೇಸರದ ಕೆಲಸ, ಬೇಗ ಮುಗಿಸೋಣ. ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಗಾಡಿಯ ಮೇಲಿನ ಪಂಚಿಂಗ್ ಜೊತೆ ಕಣ್ಣಾರೆ ತಾಳೆ ನೋಡಿ, ಫೋಟೊದಲ್ಲಲ್ಲ. ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಎಫ್‌ಸಿ, ಇನ್ಶೂರೆನ್ಸ್, ತೆರಿಗೆ, ಸಾಲ, ಬಾಕಿ ಚಲನ್ ಎಲ್ಲ ತೋರಿಸುತ್ತದೆ. ಸಾಲ ಇದ್ದ ಗಾಡಿಗೆ ಫೈನಾನ್ಸ್‌ನವರ ಎನ್‌ಒಸಿ ಮತ್ತು ಫಾರಂ 35 (ಸಾಲ ತೀರಿತೆಂಬ ಕಾಗದ) ಇಲ್ಲದೆ ಅಡ್ವಾನ್ಸ್ ಕೂಡ ಕೊಡಬೇಡಿ. "ಕಂತು ನೀವು ಕಟ್ಕೊಂಡು ಹೋಗಿ, ಮುಗಿದ ಮೇಲೆ ಹೆಸರು ಬದಲಾಯಿಸೋಣ" ಎಂಬ ಇಪ್ಪತ್ತು ರೂಪಾಯಿ ಛಾಪಾ ಕಾಗದದ ಕರಾರು ಗಾಡಿ ಸೀಜ್ ಆದ ದಿನ ಯಾವ ಕೆಲಸಕ್ಕೂ ಬರುವುದಿಲ್ಲ.

ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಬೇರೆ ರಾಜ್ಯದ ಗಾಡಿಯಾದರೆ ಫಾರಂ 28ರ ಎನ್‌ಒಸಿ. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಹಾಕಿ. ಹಳೇ ಮಾಲೀಕನ ನೋ ಕ್ಲೇಮ್ ಬೋನಸ್ ಅವನದು, ನಿಮಗೆ ಬರುವುದಿಲ್ಲ. ಎಂಟು ವರ್ಷದವರೆಗೆ ಎಫ್‌ಸಿ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಗಾಡಿ ಹಳತಾದಂತೆ ಅದರ ಶುಲ್ಕ ಹಲವು ಪಟ್ಟು ಏರುತ್ತದೆ. "ಅಗ್ಗಕ್ಕೆ ಸಿಕ್ತು" ಅನ್ನುವ ಮುಂಚೆ ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಗ್ರಾಸ್ ತೂಕ (ಲೋಡ್ ಸೇರಿದ ಒಟ್ಟು ತೂಕ) 3,000 ಕೆ.ಜಿ. ಮೀರದ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಕಿಲ್ಲ, ಮೀರಿದರೆ ಬೇಕು. ಒಂದೇ ಮಾಡೆಲ್‌ನ ಬೇರೆ ಬೇರೆ ವೇರಿಯಂಟ್ ಈ ಗೆರೆಯ ಆಚೆ ಈಚೆ ಇರಬಹುದು, ಆರ್‌ಸಿ ಓದಿಯೇ ನಿರ್ಧರಿಸಿ. ಡಿಎಲ್ ಬಗ್ಗೆ ಚಿಂತೆ ಬೇಡ: 7,500 ಕೆ.ಜಿ.ಗಿಂತ ಹಗುರದ ಸಾರಿಗೆ ವಾಹನವನ್ನು ಸಾಮಾನ್ಯ ಎಲ್‌ಎಂವಿ (ಲಘು ವಾಹನ) ಲೈಸೆನ್ಸಿನಲ್ಲೇ ಓಡಿಸಬಹುದು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿ ಮುಗಿಸಿದೆ.

ಮನೆಗೆ ತಂದ ಮೊದಲ ವಾರ

ಪೂಜೆ ಮಾಡಿಸಿ, ನಿಂಬೆಹಣ್ಣು ಹತ್ತಿಸಿ, ಆಮೇಲೆ ನೇರ ಗ್ಯಾರೇಜಿಗೆ ಹೋಗಿ. ಬಾಡಿಗೆಗೆ ಅಲ್ಲ. ಕೊಂಡ ಬೆಲೆಯ ಹತ್ತನೇ ಒಂದು ಭಾಗವನ್ನು ಮೊದಲೇ ಎತ್ತಿಟ್ಟುಕೊಳ್ಳದವರು ಸೆಕೆಂಡ್ಸ್ ಗಾಡಿಗೆ ಕೈ ಹಾಕಬಾರದು ಎಂಬುದು ನನ್ನ ಅಭಿಪ್ರಾಯ.

"ಮೊನ್ನೆ ತಾನೇ ಆಯಿಲ್ ಬದಲಾಯಿಸಿದ್ದೇನೆ" ಎಂಬ ಮಾತನ್ನು ನಂಬದೆ ಎಲ್ಲ ಎಣ್ಣೆಗಳನ್ನೂ ಬದಲಾಯಿಸಿ. ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಜೊತೆಯಾಗಿ. ಹಳೇ ಬಿಎಸ್-3, ಬಿಎಸ್-4 ಡೀಸೆಲ್‌ಗಳಿಗೆ 15ಡಬ್ಲ್ಯು-40 ಸಾಮಾನ್ಯ. ಡಿಪಿಎಫ್ ಇದ್ದರೆ ಬೂದಿ ಕಡಿಮೆ ಬಿಡುವ ಆಯಿಲನ್ನೇ ಹಾಕಬೇಕು, ಮ್ಯಾನ್ಯುಯಲ್‌ನಲ್ಲಿ ಯಾವ ಗ್ರೇಡ್ ಇದೆಯೋ ಅದು. ಬಸಿದ ಎಣ್ಣೆಯನ್ನು ಬಿಳಿ ಡಬ್ಬಿಗೆ ಹಿಡಿದು ಬಿಸಿಲಲ್ಲಿ ನೋಡಿ: ಹೊಳೆಯುವ ಚೂರು ಕಂಡರೆ ಬೇರಿಂಗ್ ಸವೆಯುತ್ತಿದೆ. ಗೇರ್‌ಬಾಕ್ಸ್ ಎಣ್ಣೆ ಮತ್ತು ಕ್ರೌನ್ ಎಣ್ಣೆ ಎರಡೂ "80-90" ಎಂದು ಒಂದೇ ಡಬ್ಬಿಯಿಂದ ಸುರಿಯುವ ಮೇಸ್ತ್ರಿಗಳಿದ್ದಾರೆ. ಕ್ರೌನಿಗೆ ಜಿಎಲ್-5 ಬೇಕು. ಗೇರ್‌ಬಾಕ್ಸಿಗೆ ಜಿಎಲ್-4 ಹೇಳಿದ್ದರೆ ಅದೇ ಇರಲಿ. ಜಿಎಲ್-5ರಲ್ಲಿರುವ ಗಂಧಕದ ಅಂಶ ಒಳಗಿನ ಹಿತ್ತಾಳೆ ಸಿಂಕ್ರೊನೈಸರ್ ರಿಂಗುಗಳನ್ನು ನಿಧಾನಕ್ಕೆ ತಿನ್ನಬಹುದು.

ಡೀಸೆಲ್ ಫಿಲ್ಟರ್ ಬದಲಾಯಿಸಿ, ಅದರ ತಳದ ತಿರುಪು ಬಿಚ್ಚಿ ನೀರು ಬಸಿಯಿರಿ. ಕಾಮನ್ ರೈಲ್ (ಹೆಚ್ಚು ಒತ್ತಡದಲ್ಲಿ ಡೀಸೆಲ್ ಸಿಂಪಡಿಸುವ) ಇಂಜೆಕ್ಟರಿಗೆ ನೀರಿಗಿಂತ ದೊಡ್ಡ ಶತ್ರು ಇಲ್ಲ. ಡಬ್ಬಿಯಲ್ಲಿಟ್ಟ ಡೀಸೆಲ್ ಸುರಿಯುವ ಅಭ್ಯಾಸ ಇದ್ದರೆ ಈಗಲೇ ಬಿಡಿ. ಏರ್ ಫಿಲ್ಟರನ್ನು ಗಾಳಿ ಹೊಡೆದು ಸ್ವಚ್ಛ ಮಾಡುವುದಾದರೆ ಒಳಗಿನಿಂದ ಹೊರಗೆ, ಕಡಿಮೆ ಪ್ರೆಶರಿನಲ್ಲಿ. ಪಂಕ್ಚರ್ ಅಂಗಡಿಯ ಪೂರ್ತಿ ಪ್ರೆಶರ್ ಬಿಟ್ಟರೆ ಕಾಗದದಲ್ಲಿ ಕಾಣದ ತೂತಾಗಿ ಧೂಳು ನೇರ ಟರ್ಬೊಗೆ. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಬೋರ್‌ವೆಲ್ ನೀರು ಬೇಡ. ನಮ್ಮ ಕಡೆಯ ಗಡಸು ನೀರು ರೇಡಿಯೇಟರ್ ಒಳಗೆ ಸುಣ್ಣ ಕಟ್ಟಿಸುತ್ತದೆ.

ಮುಂದಿನ ಚಕ್ರದ ಬೇರಿಂಗ್ ಬಿಚ್ಚಿಸಿ, ತೊಳೆಸಿ, ಹೊಸ ಗ್ರೀಸ್ ತುಂಬಿಸಿ. ಶ್ಯಾಕಲ್, ಯುಜೆ ಕ್ರಾಸ್, ಕಿಂಗ್ ಪಿನ್ ಇದ್ದರೆ ಅದು, ಹೀಗೆ ಎಲ್ಲೆಲ್ಲಿ ನಿಪ್ಪಲ್ ಇದೆಯೋ ಅಲ್ಲೆಲ್ಲ ಹಳೇ ಕಪ್ಪು ಗ್ರೀಸ್ ಹೊರಬಂದು ಹೊಸದು ಇಣುಕುವವರೆಗೆ ಗನ್ ಒತ್ತಿಸಿ. ಬ್ಯಾಟರಿ ರಾತ್ರಿಯಿಡೀ ನಿಂತ ಮೇಲೆ 12.6 ವೋಲ್ಟ್ ತೋರಿಸಬೇಕು, ಎಂಜಿನ್ ಓಡುವಾಗ 13.8ರಿಂದ 14.4. ಅಷ್ಟಿಲ್ಲದಿದ್ದರೆ ಹೊಸ ಬ್ಯಾಟರಿ ತರುವ ಮೊದಲು ಆಲ್ಟರ್ನೇಟರ್ ಮತ್ತು ಅರ್ಥ್ ವೈರ್ ನೋಡಿಸಿ.

ಬ್ರೇಕು: ಇದಕ್ಕೆ ಜಿಪುಣತನ ಮಾಡಬೇಡಿ

ಪಲಮನೇರಿನಿಂದ ಚಿತ್ತೂರಿಗೆ ಹೋಗುವ ದಾರಿಯಲ್ಲಿ ಮೊಗಿಲಿ ಘಾಟಿ ಇದೆ. ಮೊದಲ ಗಾಡಿಯಲ್ಲಿ ಒಂದು ಮೇ ತಿಂಗಳು ತೋತಾಪುರಿ ತುಂಬಿಕೊಂಡು ಇಳಿಯುತ್ತಿದ್ದೆ. ಮುಂದೊಂದು ಲಾರಿ, ಹಾಗಾಗಿ ನಾಲ್ಕನೇ ಗೇರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಹೊರಟೆ. ಅರ್ಧ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ. ಮುಂದಿನ ತಿರುವಿನಲ್ಲಿ ಪೆಡಲ್ ಒತ್ತಿದೆ, ಮೆತ್ತಗೆ ನೆಲಕ್ಕೆ ಹೋಯಿತು, ಗಾಡಿ ಹಾಗೇ ಹೋಗುತ್ತಲೇ ಇತ್ತು. ಪಂಪ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಎರಡನೇ ಗೇರಿಗೆ ಹೊಡೆದು, ಗುಡ್ಡದ ಕಡೆಯ ಮಣ್ಣಿಗೆ ಉಜ್ಜಿ ನಿಲ್ಲಿಸಿದೆ. ಹತ್ತು ನಿಮಿಷ ಕೈ ನಡುಗುತ್ತಿತ್ತು. ಅರ್ಧ ಗಂಟೆ ತಣ್ಣಗಾದ ಮೇಲೆ ಅದೇ ಪೆಡಲ್ ಕಲ್ಲಿನ ಹಾಗೆ ಗಟ್ಟಿ!

ಆಗಿದ್ದು ಇಷ್ಟೇ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್-3 ಆಯಿಲ್ ಕುದಿಯಲು 205 ಡಿಗ್ರಿ ಬೇಕು. ತೇವ ಹೀರಿದ ಹಳೆಯದಕ್ಕೆ 140 ಸಾಕು. ಕುದಿದರೆ ಪೈಪಿನಲ್ಲಿ ಆವಿ ತುಂಬುತ್ತದೆ, ಕಾಲು ಒತ್ತಿದ್ದು ಆವಿಯನ್ನು ಅಮುಕುತ್ತದೆ, ಪ್ಯಾಡ್‌ಗೆ ಏನೂ ತಲುಪುವುದಿಲ್ಲ. ಆ ಗಾಡಿಯ ಬ್ರೇಕ್ ಆಯಿಲನ್ನು ಯಾರೂ ಎಂದೂ ಬದಲಾಯಿಸಿರಲಿಲ್ಲ, ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ನಾನೂ ಬರೀ ಮೇಲೆ ತುಂಬಿಸುತ್ತಿದ್ದೆ.

ಹೀಗಾಗಿ ಗಾಡಿ ತಂದ ವಾರವೇ ಬ್ರೇಕ್ ಆಯಿಲ್ ಪೂರ್ತಿ ಬಸಿದು ಹೊಸದು ಹಾಕಿಸಿ. ಗಾಡಿಯಲ್ಲಿರುವ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಡಾಟ್-3 ಇದೆಯೋ ಡಾಟ್-4 ಇದೆಯೋ ನೋಡಿ ಅದನ್ನೇ. ಸೀಲ್ ಒಡೆದು ವರ್ಷದಿಂದ ಅಂಗಡಿಯಲ್ಲಿ ಕೂತ ಡಬ್ಬಿ ಬೇಡ. ಎರಡು ವರ್ಷಕ್ಕೊಮ್ಮೆ ಮತ್ತೆ. ಬ್ಲೀಡ್ ಮಾಡುವಾಗ (ಪೈಪಿನ ಗಾಳಿ, ಹಳೇ ಎಣ್ಣೆ ಹೊರತೆಗೆಯುವಾಗ) ಮಾಸ್ಟರ್ ಸಿಲಿಂಡರ್‌ನಿಂದ ಅತಿ ದೂರದ ಚಕ್ರದಿಂದ ಶುರುಮಾಡುವುದು ಸಾಮಾನ್ಯ ಕ್ರಮ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಡ್ರೈವರ್ ಕಡೆಯ ಮುಂದಿನದು. ಹಿಂದಿನ ಡ್ರಮ್ ಬಿಚ್ಚಿಸಿ ವೀಲ್ ಸಿಲಿಂಡರ್ ಸೋರಿಕೆ, ಲೈನರ್ ದಪ್ಪ, ಡ್ರಮ್ಮಿನ ಒಳಗಿನ ಗೆರೆ ನೋಡಿ. ಮುಂದಿನ ಕ್ಯಾಲಿಪರ್ ಪಿನ್ ತುಕ್ಕು ಹಿಡಿದಿದ್ದರೆ ಒಂದೇ ಪ್ಯಾಡ್ ಸವೆಯುತ್ತದೆ. ಪ್ಯಾಡ್ ಮಾತ್ರ ಬದಲಾಯಿಸಿ ಕಳಿಸುವ ಗ್ಯಾರೇಜಿಗೆ ಮತ್ತೆ ಹೋಗಬೇಡಿ.

ಇನ್ನು ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕುವ ಮಹಾನುಭಾವರಿಗೆ: ಕಾಮನ್ ರೈಲ್ ಎಂಜಿನ್ನು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ಸಿಂಪಡಿಸುವುದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಐಡಲ್ ಓಡಲು ಡೀಸೆಲ್ ಬೇಕು. ಅಂದರೆ ನೀವು ಉಳಿಸುತ್ತಿಲ್ಲ, ಖರ್ಚು ಮಾಡುತ್ತಿದ್ದೀರಿ. ಏರಿದ ಗೇರಿನಲ್ಲೇ ಇಳಿಯಿರಿ.

ಪ್ಲೇಟ್ ಕಟ್ಟಿಸುವ ಮುನ್ನ ವೇ-ಬ್ರಿಡ್ಜಿಗೆ ಹೋಗಿ

ನಮ್ಮಲ್ಲಿ ಪಿಕಪ್ ಅಪ್‌ಗ್ರೇಡ್ ಅಂದರೆ ಮೊದಲ ಮಾತು "ಒಂದೊಂದು ಪ್ಲೇಟ್ ಎಕ್ಸ್‌ಟ್ರಾ ಕಟ್ಸಣ್ಣ". ಅದಕ್ಕೂ ಮುಂಚೆ ಒಂದು ಸಣ್ಣ ಲೆಕ್ಕ ಮಾಡಿ. ಆರ್‌ಸಿಯಲ್ಲಿ ಎರಡು ತೂಕ ಇರುತ್ತದೆ, ಗ್ರಾಸ್ ಮತ್ತು ಅನ್‌ಲೇಡನ್ (ಖಾಲಿ ತೂಕ). ಗ್ರಾಸ್‌ನಿಂದ ಅನ್‌ಲೇಡನ್ ಕಳೆದರೆ ಎಷ್ಟು ಹೊರಬಹುದು ಎಂಬುದು ಸಿಗುತ್ತದೆ. ಆದರೆ ನಿಮ್ಮ ಗಾಡಿಯ ನಿಜವಾದ ಖಾಲಿ ತೂಕ ಅದಲ್ಲ. ಬಾಡಿಯ ಮೇಲೆ ಕಟ್ಟಿಸಿದ ಕಬ್ಬಿಣದ ಫ್ರೇಮ್, ಕ್ಯಾಬಿನ್ ಮೇಲಿನ ಕ್ಯಾರಿಯರ್, ದಪ್ಪ ಫ್ಲೋರ್ ಶೀಟ್, ಜಾಕ್, ಹಗ್ಗ, ಟಾರ್ಪಾಲು, ನೀವು, ಪಕ್ಕದಲ್ಲಿ ಕೂರುವ ಹುಡುಗ. ಇವೆಲ್ಲ ಸೇರಿಸಿ ಖಾಲಿ ಗಾಡಿಯನ್ನು ವೇ-ಬ್ರಿಡ್ಜ್ ಮೇಲೆ ನಿಲ್ಲಿಸಿ. ನನ್ನದು ಆರ್‌ಸಿಗಿಂತ 190 ಕೆ.ಜಿ. ಹೆಚ್ಚು ತೋರಿಸಿತು.

ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಬಾಕ್ಸ್ ಅಂದರೆ 15 ಕೆ.ಜಿ. ಕ್ರೇಟಿನದು ಸೇರಿ 17 ಎಂದು ಹಿಡಿಯಿರಿ. 1.7 ಟನ್ನಿನ ಗಾಡಿಗೆ ನೂರು ಕ್ರೇಟಿಗೆ ಲೆಕ್ಕ ಮುಗಿಯಿತು. ಆ 190 ಕೆ.ಜಿ. ಕಳೆದರೆ ಉಳಿಯುವುದು 88 ಕ್ರೇಟ್. "ಇನ್ನಿಪ್ಪತ್ತು ಹಾಕು, ಏನಾಗಲ್ಲ" ಎಂದು ನೂರಿಪ್ಪತ್ತು ಹಾಕಿದರೆ 2,040 ಕೆ.ಜಿ.; ಹೆಚ್ಚಾಗಿದ್ದು 340 ಅಲ್ಲ, 530. ಸಿಕ್ಕಿಬಿದ್ದರೆ ಕಾಯ್ದೆಯಲ್ಲಿ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000. ಇಪ್ಪತ್ತು ಕ್ರೇಟಿನ ಬಾಡಿಗೆ ಎಷ್ಟು ಬಂತು ಎಂದು ನೀವೇ ನೋಡಿಕೊಳ್ಳಿ.

ಪ್ಲೇಟ್ ಸೇರಿಸಿದರೆ ಗಾಡಿಯ ಶಕ್ತಿ ಹೆಚ್ಚುವುದಿಲ್ಲ. ಬಾಗುವುದು ಕಡಿಮೆಯಾಗುತ್ತದೆ, ಅಷ್ಟೆ. ಆಕ್ಸೆಲ್, ಬೇರಿಂಗ್, ಬ್ರೇಕ್, ಟೈರ್ ಎಲ್ಲ ಹಳೆಯವೇ. ಪ್ಲೇಟು ನುಂಗಬೇಕಿದ್ದ ಗುದ್ದು ಈಗ ಹ್ಯಾಂಗರ್ ಮೂಲಕ ಚಾಸಿಗೆ ಹೋಗುತ್ತದೆ, ಬಿರುಕು ಅಲ್ಲಿಂದಲೇ ಶುರು. ಇನ್ನೊಂದು ಸಂಗತಿ ಗ್ಯಾರೇಜುಗಳಲ್ಲಿ ಯಾರೂ ಹೇಳುವುದಿಲ್ಲ. ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸೆಲ್‌ಗೂ ಚಾಸಿಗೂ ನಡುವೆ ಒಂದು ಸಣ್ಣ ಸರಳು ಇರುತ್ತದೆ, ಅದರ ತುದಿಯಲ್ಲಿ ಒಂದು ವಾಲ್ವ್. ಲೋಡ್ ಬಿದ್ದು ಬಾಡಿ ತಗ್ಗಿದಾಗ ಆ ವಾಲ್ವ್ ಹಿಂದಿನ ಬ್ರೇಕಿಗೆ ಹೆಚ್ಚು ಪ್ರೆಶರ್ ಬಿಡುತ್ತದೆ. ಗಾಡಿ ಖಾಲಿಯಿದ್ದಾಗ ಹಿಂದಿನ ಚಕ್ರ ಜಾರದಿರಲಿ ಎಂದು ಕಡಿಮೆ ಮಾಡುತ್ತದೆ. ಎಕ್ಸ್‌ಟ್ರಾ ಪ್ಲೇಟ್ ಹಾಕಿ ಬಾಡಿ ಎತ್ತರಿಸಿದಿರೋ, ಎರಡು ಟನ್ ಹೊತ್ತಿದ್ದರೂ ವಾಲ್ವಿಗೆ ಗಾಡಿ ಖಾಲಿ ಎಂದೇ ಅನ್ನಿಸುತ್ತದೆ. ಭಾರ ಹೆಚ್ಚು, ಬ್ರೇಕ್ ಕಡಿಮೆ. ಕೆಲವರು ಆ ಸರಳನ್ನು ಕಿತ್ತು ತಂತಿಯಲ್ಲಿ ಕಟ್ಟಿರುತ್ತಾರೆ. ಸೆಕೆಂಡ್ಸ್ ಗಾಡಿ ಕೆಳಗೆ ಮಲಗಿದಾಗ ಇದನ್ನೂ ನೋಡಿ, ಕಿತ್ತಿದ್ದರೆ ಹಾಕಿಸಿ, ಮ್ಯಾನ್ಯುಯಲ್ ಅಳತೆಗೆ ಸರಿಮಾಡಿಸಿ.

ನಿಜಕ್ಕೂ ಪ್ಲೇಟು ಚಪ್ಪಟೆಯಾಗಿದ್ದರೆ ದಾರಿ ಬೇರೆ. ಎರಡೂ ಕಡೆ ಹೊಸ ಸೆಟ್, ಕಂಪನಿ ಅಳತೆಯದು. ಒಂದೇ ಕಡೆ ಬದಲಾಯಿಸಿದರೆ ಗಾಡಿ ವಾಲುತ್ತದೆ. ಬುಷ್, ಸೆಂಟರ್ ಬೋಲ್ಟ್, ಯು-ಬೋಲ್ಟ್ ಕೂಡ ಹೊಸದೇ ಇರಲಿ; ಎಳೆದು ಉದ್ದವಾದ ಹಳೇ ಯು-ಬೋಲ್ಟಿಗೆ ಮತ್ತೆ ನಟ್ ಬಿಗಿಯುವುದು ಸುಳ್ಳು ಧೈರ್ಯ. ಐನೂರು ಕಿಲೋಮೀಟರ್ ಲೋಡಿನಲ್ಲಿ ಓಡಿದ ಮೇಲೆ ವಾಪಸ್ ಹೋಗಿ ಯು-ಬೋಲ್ಟ್ ಮತ್ತೆ ಟೈಟ್ ಮಾಡಿಸಿ. ಈ ಒಂದು ಕೆಲಸ ಮರೆತವರ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸೆಲ್ಲೇ ಪಕ್ಕಕ್ಕೆ ಸರಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಗಾಡಿ ಏಡಿಯ ಹಾಗೆ ಓರೆಯಾಗಿ ಹೋಗುತ್ತಿತ್ತು.

ದುಡ್ಡು ಹಾಕಲು ಯೋಗ್ಯವಾದ ಅಪ್‌ಗ್ರೇಡುಗಳು

ಟೈರ್ ಮೊದಲು. ಕಾರ್ ಟೈರ್ ಅಗ್ಗ ಎಂದು ಅದೇ ಇಂಚಿನದು ಹಾಕಬೇಡಿ. ಎಲ್‌ಟಿ (ಲೈಟ್ ಟ್ರಕ್) ಎಂದು ಬರೆದ, ಕಂಪನಿ ಹೇಳಿದ ಪ್ಲೈ ರೇಟಿಂಗ್ ಮತ್ತು ಲೋಡ್ ಇಂಡೆಕ್ಸ್ (ಎಷ್ಟು ಭಾರ ತಡೆಯುತ್ತದೆ ಎಂಬ ಅಂಕಿ) ಇರುವ ಟೈರೇ ಬೇಕು. ದೊಡ್ಡ ಸೈಜಿನ ಟೈರ್ ಹಾಕಿದರೆ ಮೀಟರ್ ಸುಳ್ಳು ಹೇಳುತ್ತದೆ, ಏರಿನಲ್ಲಿ ಎಳೆತ ಬೀಳುತ್ತದೆ, ಆರ್‌ಟಿಒ ಕೂಡ ಒಪ್ಪುವುದಿಲ್ಲ. ಗಾಳಿ ಹಿಡಿಸುವಾಗ ಬಾಗಿಲ ಕಂಬದ ಸ್ಟಿಕರ್ ನೋಡಿ. ಲೋಡ್ ಇದ್ದಾಗಿನ ಮತ್ತು ಖಾಲಿ ಇದ್ದಾಗಿನ ಅಂಕಿ ಬೇರೆ ಬೇರೆ, ಟೈರ್ ತಣ್ಣಗಿರುವಾಗಲೇ ಅಳೆಸಿ.

ಲೈಟಿನ ವಿಷಯದಲ್ಲಿ ನಮ್ಮವರಿಗೆ ಒಂದು ಹುಚ್ಚು: 100 ವಾಟಿನ ಬಲ್ಬ್. ಕಂಪನಿ ಕೊಟ್ಟಿರುವುದು 60/55, ಅಂದರೆ ಹೈ ಬೀಮಿಗೆ 60 ವಾಟ್, ಲೋ ಬೀಮಿಗೆ 55. 12 ವೋಲ್ಟಿನಲ್ಲಿ ಎರಡು 100 ವಾಟ್ ಬಲ್ಬ್ ಅಂದರೆ ಹದಿನಾರು ಆಂಪಿಯರ್ ದಾಟುತ್ತದೆ, ಅಷ್ಟೂ ಸ್ವಿಚ್ ಮೂಲಕ. ಮೊದಲು ಹೋಲ್ಡರ್ ಕರಗುತ್ತದೆ, ಆಮೇಲೆ ಕಾಂಬಿನೇಷನ್ ಸ್ವಿಚ್, ನಸೀಬು ಕೆಟ್ಟಿದ್ದರೆ ವೈರಿಂಗ್. ಅದರ ಬದಲು ಅದೇ 60/55 ಬಲ್ಬಿಗೆ ರಿಲೇ ಮತ್ತು ಫ್ಯೂಸ್ ಹಾಕಿ ಬ್ಯಾಟರಿಯಿಂದ ನೇರ ದಪ್ಪ ವೈರ್ ಎಳೆಸಿ, ಮಬ್ಬಾದ ರಿಫ್ಲೆಕ್ಟರ್ ಬದಲಾಯಿಸಿ. ಬೆಳಕು ಎಷ್ಟು ಬದಲಾಗುತ್ತದೆ ಎಂಬುದನ್ನು ನೋಡಿಯೇ ನಂಬಬೇಕು. ಹಿಂದಿನ ಬ್ರೇಕ್ ಲೈಟು, ಮುಂದೆ ಬಿಳಿ ಹಿಂದೆ ಕೆಂಪು ರಿಫ್ಲೆಕ್ಟಿವ್ ಟೇಪು ಎಫ್‌ಸಿಗೆ ಮಾತ್ರ ಅಲ್ಲ. ಬೆಳಗಿನ ಜಾವ ಮೂರಕ್ಕೆ ಮಾರ್ಕೆಟಿಗೆ ಹೊರಡುವವರಿಗೆ ಅದೇ ಜೀವ.

ಬಾಡಿ ಕೆಲಸದಲ್ಲಿ ನಿಮ್ಮ ಲೋಡೇ ನಿಮ್ಮ ಗುರು. ತರಕಾರಿ, ಹಣ್ಣು ಹೊಡೆಯುವವರು ಚೆಕರ್ಡ್ ಶೀಟ್ ಹಾಕಿಸಿ, ಮೇಲೆ ರಬ್ಬರ್ ಮ್ಯಾಟ್ ಹಾಸಿ. ಮ್ಯಾಟನ್ನು ಅಂಟಿಸಬೇಡಿ, ತೆಗೆದು ತೊಳೆಯುವಂತಿರಲಿ. ಅಂಟಿಸಿದರೆ ಕೆಳಗೆ ನಿಂತ ರಸ ಕಾಣದೇ ತಿನ್ನುತ್ತದೆ. ನೀರು ಬಸಿಯುವ ತೂತುಗಳ ಬಾಯಿಗೆ ಸಣ್ಣ ಪೈಪ್ ತುಂಡು ವೆಲ್ಡ್ ಮಾಡಿಸಿದರೆ ಸೋರಿದ್ದು ಚಾಸಿ ಮೇಲೆ ಬೀಳದೆ ನೆಲಕ್ಕೆ ಹೋಗುತ್ತದೆ. ನನ್ನ ಮೀನು ಗಾಡಿಗೆ ಯಾರಾದರೂ ಇದನ್ನು ಮಾಡಿಸಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು. ಬಾಡಿ ಎತ್ತರಿಸುವುದು, ಉದ್ದ ಮಾಡುವುದು, ಹಿಂದೆ ಸೀಟ್ ಕೂರಿಸುವುದು ಬೇಡ. ಆರ್‌ಸಿಯಲ್ಲಿ ಇರುವುದಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಮದುವೆಗೆ, ಜಾತ್ರೆಗೆ ಹಿಂದೆ ಜನ ತುಂಬುವುದಂತೂ ಬೇಡವೇ ಬೇಡ.

ಡ್ರೈವರ್ ಸೀಟಿಗೆ ಒಳ್ಳೆಯ ಫೋಮ್, ಒಂದು ರಿವರ್ಸ್ ಕ್ಯಾಮೆರಾ, ಸ್ಟೆಪ್ನಿಗೆ ಬೀಗ. ಇವು ಸಣ್ಣ ಖರ್ಚು, ದಿನವೂ ಉಪಯೋಗ. ಎಂಜಿನ್ ಪವರ್ ಹೆಚ್ಚಿಸುತ್ತೇವೆ ಎಂದು ಚಿಪ್ ಮಾರುವವರನ್ನು ಗೇಟಿನಿಂದಲೇ ಕಳಿಸಿ.

ದಿನದ, ವಾರದ, ಸೀಸನ್ನಿನ ಕೆಲಸ

ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಆಯಿಲ್ ಕಡ್ಡಿ, ಕೂಲೆಂಟ್ ಮಟ್ಟ, ಟೈರುಗಳಿಗೆ ಒಂದು ನೋಟ, ನಿಂತಿದ್ದ ಜಾಗದಲ್ಲಿ ಹೊಸ ಕಲೆ ಇದೆಯೇ ಎಂದು ಇನ್ನೊಂದು ನೋಟ. ಎರಡು ನಿಮಿಷದ್ದು. ಟರ್ಬೊ ಗಾಡಿಯಾದರೆ ಏರು ಹತ್ತಿ ಬಂದು ನಿಲ್ಲಿಸುವಾಗ ಒಂದು ನಿಮಿಷ ಐಡಲ್ ಬಿಟ್ಟು ಆಫ್ ಮಾಡಿ. ನಮ್ಮ ಹಳೇ ಡ್ರೈವರುಗಳಿಗೆ ಕೊನೆಗೊಂದು ಜೋರು ರೇಸ್ ಕೊಟ್ಟು ಕೀ ತಿರುಗಿಸುವ ಚಟ. ಟರ್ಬೊ ಇನ್ನೂ ಗಿರಗಿರ ತಿರುಗುತ್ತಿರುವಾಗ ಅದಕ್ಕೆ ಬರುವ ಎಣ್ಣೆ ನಿಂತುಹೋಗುತ್ತದೆ.

ವಾರಕ್ಕೊಮ್ಮೆ ಗಾಳಿ, ವೀಲ್ ನಟ್, ಬ್ಯಾಟರಿ ಟರ್ಮಿನಲ್. ತಿಂಗಳಿಗೊಮ್ಮೆ ಗ್ರೀಸ್, ಡೀಸೆಲ್ ಫಿಲ್ಟರ್ ನೀರು ಬಸಿಯುವುದು. ಆಯಿಲ್ ಬದಲಾವಣೆಗೆ ಮ್ಯಾನ್ಯುಯಲ್ ಹೇಳುವ ಕಿಲೋಮೀಟರ್ ಇದೆ, ಆದರೆ ಅದು ಹದವಾದ ಓಡಾಟಕ್ಕೆ. ಸದಾ ಪೂರ್ತಿ ಲೋಡು, ಧೂಳು ರಸ್ತೆಯ ಗಾಡಿಗೆ ನಾನು ಅದಕ್ಕಿಂತ ಬೇಗ ಮಾಡಿಸುತ್ತೇನೆ. ಒಂದು ನೂರು ಪುಟದ ನೋಟ್‌ಬುಕ್ ಕ್ಯಾಬಿನ್‌ನಲ್ಲಿ ಇರಲಿ: ದಿನಾಂಕ, ಮೀಟರ್, ಏನು ಮಾಡಿಸಿದೆ, ಎಷ್ಟಾಯಿತು. ಡೀಸೆಲ್ ಹಾಕಿಸಿದ್ದೂ ಬರೆಯಿರಿ. ಲೀಟರಿಗೆ ಎರಡು ಕಿಲೋಮೀಟರ್ ಇದ್ದಕ್ಕಿದ್ದಂತೆ ಬಿದ್ದರೆ ಬ್ರೇಕ್ ಹಿಡಿದುಕೊಂಡಿದೆ, ಫಿಲ್ಟರ್ ಕಟ್ಟಿದೆ ಅಥವಾ ಡ್ರೈವರ್ ಡೀಸೆಲ್ ಮಾರುತ್ತಿದ್ದಾನೆ.

ಟೊಮೆಟೊ ಇಳಿಸಿದ ರಾತ್ರಿ ಎಷ್ಟೇ ಸುಸ್ತಾಗಿದ್ದರೂ ಬಾಡಿಗೆ ನಾಲ್ಕು ಬಕೆಟ್ ನೀರು ಹೊಡೆದೇ ಮಲಗಿ. ಮಾವಿನ ಸೀಸನ್ ಮುಗಿದ ಮೇಲೆ, ಮಳೆ ಜೋರಾಗುವ ಮುಂಚೆ, ಒಂದು ದಿನ ಪೂರ್ತಿ ಗಾಡಿಗೆ ಕೊಡಿ. ಮ್ಯಾಟ್ ಎತ್ತಿ, ಕೆಳಗಿನಿಂದ ಪ್ರೆಶರ್ ವಾಶ್ ಮಾಡಿಸಿ, ಒಣಗಲು ಬಿಡಿ. ಎಲ್ಲೆಲ್ಲಿ ತುಕ್ಕು ಎದ್ದಿದೆಯೋ ಅಲ್ಲಿ ವೈರ್ ಬ್ರಷ್‌ನಲ್ಲಿ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಒಣಗಿದ ಮೇಲೆ ಕಪ್ಪು ಬಣ್ಣ. ಹೌದು, ನಾನೂ ಕಪ್ಪು ಬಣ್ಣವೇ ಬಳಿಯುತ್ತೇನೆ. ಬಳಿಯುವ ಮುಂಚೆ ಸುತ್ತಿಗೆಯಿಂದ ಒಮ್ಮೆ ತಟ್ಟಿ ಕೇಳಿಕೊಳ್ಳುತ್ತೇನೆ, ಟಣ್ ಅನ್ನುತ್ತದೋ ಡಬ್ ಅನ್ನುತ್ತದೋ ಎಂದು.